ತೋಟದ ಮನೆಯ ತೋಟಾ ಪೆಟ್ಟಿಗೆ

ನಮ್ಮ ಸಂಘದ ಸದಸ್ಯರೊಬ್ಬರ ಮನೆಯಲ್ಲಿ ಈ ಬೇಸಿಗೆ ಮಾಡಿನ ಹೆಂಚು ಬದಲಾಯಿಸುವ ಕೆಲಸ ನಡೆಯಿತು. ಮಳೆ ಹಿಡಿಯುವ ಮೊದಲು ಮುಗಿಸುವ ಆತುರದಲ್ಲಿ ಅಟ್ಟದ ಮೇಲಿನ ಸಾಮಾನನ್ನೆಲ್ಲ ಅಂಗಳಕ್ಕೆ ಇಳಿಸಿದ್ದರು. ಮುರಿದ ತೊಟ್ಟಿಲು, ತೂತಾದ ಕೊಪ್ಪರಿಗೆ, ಗೆದ್ದಲು ತಿಂದ ಲೆಕ್ಕದ ಪುಸ್ತಕಗಳು. ಇವುಗಳ ನಡುವೆ ಬೀಟೆ ಮರದ ಒಂದು ಪೆಟ್ಟಿಗೆ. ಅದರ ಬೀಗದ ಕೈ ಮನೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಬಡಗಿಯನ್ನು ಕರೆಸಿ ತೆಗೆಸಿ ನೋಡಿದ ಮೇಲೆ ಹಿರಿಯರು ನಮಗೆ ಹೇಳಿ ಕಳುಹಿಸಿದರು: “ಕೊಳೆರೋಗ, ಬೋರ್ಡೋ ದ್ರಾವಣ ಅಂತ ಪ್ರತಿ ಸಲ ಬರೆಯುತ್ತೀರಲ್ಲ, ಈ ಸಲ ಇದನ್ನೊಂದು ನೋಡಿ ಹೋಗಿ.”

ಹೋಗಿ ನೋಡಿದೆವು. ಪೆಟ್ಟಿಗೆಯಲ್ಲಿದ್ದುದು ಮನೆಯಲ್ಲೇ ತೋಟಾ ತುಂಬುವ ಸಲಕರಣೆ. ನಮ್ಮ ಓದುಗರಿಗೆ ತೋಟವೆಂದರೆ ಅಡಿಕೆ, ಕಾಫಿ. ಒಂದು ದೀರ್ಘ ಎಳೆದರೆ ಅದೇ ಕೋವಿಯ ತೋಟಾ ಆಗುತ್ತದೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಈ ಎರಡೂ ಒಂದೇ ಮಾಡಿನ ಕೆಳಗೆ ಬಾಳಿದವು.

ಸಾಮಾನು ಇಷ್ಟು. ಹಿತ್ತಾಳೆಯ ಇಪ್ಪತ್ತಮೂರು ಖಾಲಿ ತೋಟಾ ಕವಚಗಳು. ಮರದ ಹಿಡಿಯಿರುವ, ಕೊಳವೆಯನ್ನು ಒಳಗೆ ಹೊರಗೆ ಸರಿಸಿ ಮದ್ದು ಅಳೆಯುವ ಪುಟ್ಟ ಅಳತೆಪಾತ್ರೆ. ಉರಿದ ಕೇಪನ್ನು ಕೀಳುವ ಸಲಾಕೆ. ರಟ್ಟಿನ ಬಿಲ್ಲೆ ಮತ್ತು ಉಣ್ಣೆಯ ಬಿಲ್ಲೆಗಳ ಎರಡು ಡಬ್ಬಿ. ಉಣ್ಣೆಯನ್ನು ನುಸಿ ತಿಂದು ಹಾಕಿದೆ. ಮೇಜಿನ ಅಂಚಿಗೆ ತಿರುಪಿನಿಂದ ಬಿಗಿದು, ಹಿಡಿ ತಿರುಗಿಸಿ ಕಾಗದದ ತೋಟಾದ ಬಾಯನ್ನು ಒಳಕ್ಕೆ ಮಡಿಚುವ ಕಬ್ಬಿಣದ ಸಣ್ಣ ಯಂತ್ರ. ತಳದಲ್ಲಿ ತುಂಬಿದ್ದ ಹನ್ನೊಂದು ಕಾಗದದ ತೋಟಾಗಳು ಥಂಡಿಗೆ ಊದಿ, ಹಸಿರು ಕಿಲುಬು ಹಿಡಿದು ಬಿದ್ದಿದ್ದವು.

ಈ ಹನ್ನೊಂದನ್ನು ನೋಡುತ್ತಲೇ ನಾವು ಒಂದು ಹೆಜ್ಜೆ ಹಿಂದೆ ಸರಿದೆವೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಹಳೆಯದಾದ ಮಾತ್ರಕ್ಕೆ ಕರಿಮದ್ದು ಸಾಯುವುದಿಲ್ಲ. ಥಂಡಿ ತಗುಲಿದರೂ ಒಣಗಿತೆಂದರೆ ಮತ್ತೆ ಕಿಡಿಗೆ ಕಾದಿರುತ್ತದೆ. ಹಿರಿಯರು ಅದನ್ನು ಬಚ್ಚಲೊಲೆಗೆ ಹಾಕಲೂ ಇಲ್ಲ, ಬಾವಿಗೆ ಎಸೆಯಲೂ ಇಲ್ಲ. ಬಿಸಿಲಿಗೆ, ಬೆಂಕಿಗೆ ದೂರವಾಗಿಟ್ಟು ಠಾಣೆಗೆ ತಿಳಿಸಿದ್ದರು. ಓದುಗರ ಅಟ್ಟದಲ್ಲಿ ಇಂಥದು ಸಿಕ್ಕರೆ ಹೀಗೆಯೇ ಮಾಡುವುದು ಒಳ್ಳೆಯದು. ಬಿಚ್ಚಿ ನೋಡುವ ಚಪಲ ಬೇಡ.

ಈ ಪೆಟ್ಟಿಗೆಯ ಕೆಲಸ ಹೇಗೆ ನಡೆಯುತ್ತಿತ್ತೆಂದು ಕೇಳಿದಾಗ ಹಿರಿಯರ ಮುಖದಲ್ಲಿ ಹುಡುಗತನ ಬಂದಿತು. ಅವರ ತಂದೆಯವರು ದೀಪಾವಳಿ ಕಳೆದ ಮೇಲೆ ಒಂದು ದಿನ ಹಗಲು ಹೊತ್ತಿನಲ್ಲಿ ಚಾವಡಿಯಲ್ಲಿ ಚಾಪೆ ಹಾಸಿ ಕೂರುತ್ತಿದ್ದರಂತೆ. ಅಂದು ಚಾವಡಿಯ ಸುತ್ತ ಬೀಡಿ ಸೇದುವಂತಿಲ್ಲ, ಒಲೆಯ ಕೊಳ್ಳಿ ಹಿಡಿದು ಯಾರೂ ಹಾದುಹೋಗುವಂತಿಲ್ಲ. ಮಕ್ಕಳಿಗೆ ಸಿಗುತ್ತಿದ್ದುದು ಬಿಲ್ಲೆ ಎಣಿಸಿಡುವ ಕೆಲಸ. ಕವಚದ ಬೆನ್ನಿನಿಂದ ಉರಿದ ಕೇಪು ಕಿತ್ತು ಹೊಸದು ಕೂರಿಸುವುದು, ಒಂದು ಅಳತೆ ಮದ್ದು, ಮೇಲೆ ರಟ್ಟು, ಅದರ ಮೇಲೆ ಉಣ್ಣೆ, ಆಮೇಲೆ ಚರೆ, ಕೊನೆಗೆ ತೆಳ್ಳನೆಯ ರಟ್ಟು. ಕಾಗದದ ಕವಚವಾದರೆ ಯಂತ್ರದಲ್ಲಿ ಬಾಯಿ ಮಡಿಚುವುದು, ಹಿತ್ತಾಳೆಯದಾದರೆ ಜೇನುಮೇಣ ಮೆತ್ತುವುದು. ಕಾಗದದ್ದು ಎರಡು ಮೂರು ಸಲಕ್ಕೆ ಸುಟ್ಟು ಹೋಗುತ್ತಿತ್ತು. ಹಿತ್ತಾಳೆಯದು ತಲೆಮಾರು ಕಂಡಿತು. ಖಾಲಿ ಕವಚದ ಬಾಯಿಗೆ ತುಟಿಯಿಟ್ಟು ಊದಿದರೆ ಸೊಗಸಾದ ಶಿಳ್ಳೆ ಬರುತ್ತದೆ; ಆ ಕಾಲದ ಮಕ್ಕಳ ಆಟದ ಸಾಮಾನು ಅದೇ.

“ಇಪ್ಪತ್ತೈದಿತ್ತು. ಎರಡು ನಾನೇ ಶಾಲೆಯಲ್ಲಿ ಕಳೆದೆ. ಅಪ್ಪಯ್ಯನಿಗೆ ಹೇಳಲೇ ಇಲ್ಲ,” ಎಂದರು ಹಿರಿಯರು.

ತೋಟಾ ಎಂಬುದು ಮೊದಲಿಗೆ ಬರೀ ಕಾಗದದ ಸುರುಳಿ. ಒಂದು ಈಡಿಗೆ ಬೇಕಾದ ಮದ್ದು, ಗುಂಡು ಅದರೊಳಗೆ. ಸಿಪಾಯಿ ಅದನ್ನು ಹಲ್ಲಿನಿಂದ ಕಚ್ಚಿ ಹರಿದು ನಳಿಗೆಯ ಬಾಯಿಂದ ಸುರಿಯಬೇಕಿತ್ತು. 1857ರಲ್ಲಿ ಎನ್‌ಫೀಲ್ಡ್ ಕೋವಿಯ ಕೊಬ್ಬು ಸವರಿದ ತೋಟಾ ಏನು ಮಾಡಿತೆಂಬುದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಕೇಪು ಬಂದುದು ಅದಕ್ಕೂ ಹಿಂದೆ. ಅದರ ಮೂಲ ಒಬ್ಬ ಪಾದ್ರಿ ಎಂದರೆ ಓದುಗರು ನಂಬಲಿಕ್ಕಿಲ್ಲ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಎಂಬವರಿಗೆ ನೀರುಹಕ್ಕಿಯ ಬೇಟೆಯ ಗೀಳು. ಚಕಮಕಿ ಕಲ್ಲಿನ ಕೋವಿಯ ಕಿಡಿ ಕಂಡೊಡನೆ ಹಕ್ಕಿ ಎಚ್ಚೆತ್ತು ತಪ್ಪಿಸಿಕೊಳ್ಳುತ್ತಿತ್ತು. ಆ ಬೇಸರದಲ್ಲಿ ಅವರು ಪೆಟ್ಟಿಗೆ ಸಿಡಿಯುವ ರಾಸಾಯನಿಕದಿಂದ ಕೋವಿ ಹಚ್ಚುವ ದಾರಿ ಹುಡುಕಿ 1807ರಲ್ಲಿ ಹಕ್ಕುಪತ್ರ ಪಡೆದರು. ಅದರಿಂದ ಮುಂದೆ ತಾಮ್ರದ ಕೇಪು ಬಂದಿತು. ನಮ್ಮ ಜೂನ್ ತಿಂಗಳ ಮಳೆಯಲ್ಲಿ ಚಕಮಕಿ ಕೋವಿ ಹಿಡಿದವನ ಪಾಡನ್ನು ನೆನೆದರೆ ಈ ಕೇಪಿನ ಬೆಲೆ ತಿಳಿದೀತು. 1860ರ ದಶಕದ ಹೊತ್ತಿಗೆ ಮದ್ದು, ಚರೆ, ಕೇಪು ಮೂರೂ ಒಂದೇ ಕವಚದಲ್ಲಿ ಸೇರಿ, ಹಿಂಬದಿಯಿಂದ ತುಂಬುವ ತೋಟಾ ಕೋವಿ ಬಳಕೆಗೆ ಬಂದಿತು. ಪೆಟ್ಟಿಗೆಯ ಕವಚಗಳ ಬೆನ್ನಿನ ಮೇಲೆ ಎಲೀ, ಕೈನಾಕ್ ಎಂಬ ಇಂಗ್ಲೆಂಡಿನ ಕಂಪನಿಗಳ ಹೆಸರುಗಳಿವೆ. ಎಲೀಯವರು 1828ರಿಂದ ಲಂಡನ್ನಿನಲ್ಲಿ, ಕೈನಾಕ್‌ನವರು 1862ರಿಂದ ಬರ್ಮಿಂಗ್‌ಹ್ಯಾಂ ಬಳಿಯ ವಿಟನ್ನಿನಲ್ಲಿ ತೋಟಾ ಕಟ್ಟುತ್ತಿದ್ದರು.

ಪೆಟ್ಟಿಗೆಯ ಜೊತೆಗಾರ ಕೋವಿ ಒಳಗಿನ ಕೋಣೆಯಲ್ಲಿತ್ತು. ಜೋಡು ನಳಿಗೆ, ಹನ್ನೆರಡು ಬೋರು, ಕೇಪನ್ನು ಬಡಿಯುವ ಎರಡು ಕುದುರೆಗಳು ಹೊರಗೇ ಕಾಣುವ ಹಳೆಯ ಮಾದರಿ. ಹನ್ನೆರಡು ಬೋರೆಂದರೆ ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮನಾದ ಗುಂಡು ಮಾಡಿದರೆ ಅದರಲ್ಲೊಂದು ಹಿಡಿಸುವ ನಳಿಗೆ. ನಿಜವಾದ ಗಂಡಾಂತರ ಅಂದು ಅಟ್ಟದ ಪೆಟ್ಟಿಗೆಯಲ್ಲಿರಲಿಲ್ಲ, ಈ ಕೋವಿಯ ಪಕ್ಕದಲ್ಲಿತ್ತು.

ಸಂಗತಿ ಹೀಗೆ. ಆ ಮನೆಯಲ್ಲಿ ಮೂರು ಕೋವಿಗಳಿದ್ದವು. ಬಾಯಿಂದ ಈಡು ತುಂಬುವ ಕೇಪಿನ ಕೋವಿ ಒಂದು, ಈ ಜೋಡು ನಳಿಗೆ ಒಂದು, ಆಮೇಲೆ ಕೊಂಡ ಹೊಸ ಒಂಟಿ ನಳಿಗೆ ಒಂದು. ಮೂರೂ ಹಿರಿಯರ ಒಬ್ಬರ ಲೈಸೆನ್ಸಿನಲ್ಲೇ ಇದ್ದವು. 2019ರ ಡಿಸೆಂಬರಿನಲ್ಲಿ ಶಸ್ತ್ರಾಸ್ತ್ರ ಕಾಯಿದೆಗೆ ತಿದ್ದುಪಡಿಯಾಗಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಹಿರಿಯರಿಂದ ಬಂದ ಕೋವಿಯೂ ಈ ಎರಡರ ಲೆಕ್ಕದೊಳಗೇ. ಹೆಚ್ಚಿನದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕಿತ್ತು. ನೆಂಟರಿಷ್ಟರೆಲ್ಲ ಹಳೆಯದನ್ನು ಕೊಟ್ಟುಬಿಡಿ ಎಂದರು. ಹಿರಿಯರು ಕೊಟ್ಟುದು ಹೊಸದನ್ನು. ಅದು ಅಂಗಡಿಯಲ್ಲಿ ಮತ್ತೆ ಸಿಗುತ್ತದೆ, ಇದು ಸಿಗುವುದಿಲ್ಲ ಎಂಬುದು ಅವರ ವಾದ. ತೀರ್ಮಾನ ಸರಿಯೋ ತಪ್ಪೋ, ಮನೆಯಲ್ಲಿ ಇಂದಿಗೂ ಅದರ ಚರ್ಚೆ ನಿಂತಿಲ್ಲ.

ಹೊಸ ಕೋವಿ ಹೋಯಿತು, ಅದಕ್ಕೆ ತಂದಿದ್ದ ಪ್ಲಾಸ್ಟಿಕ್ ತೋಟಾಗಳು ಮನೆಯಲ್ಲೇ ಉಳಿದವು. ಅವೂ ಹನ್ನೆರಡು ಬೋರಿನವೇ. ಮೊಮ್ಮಗ ಕಲಿತ ಹುಡುಗ, ಈಗ ಲೈಸೆನ್ಸಿನಲ್ಲಿ ಅವನ ಹೆಸರೂ ಸೇರಿದೆ. ಮಂಗಗಳು ಎಳೆ ಅಡಿಕೆ ಕಿತ್ತು ಹಾಕುವುದನ್ನು ನೋಡಿ ನೋಡಿ ರೋಸಿಹೋಗಿದ್ದ. ನಮ್ಮೆದುರೇ ಜೋಡು ನಳಿಗೆಯನ್ನು ಮಡಿಚಿ ಒಂದು ತೋಟಾ ಇಳಿಬಿಟ್ಟು ತೋರಿಸಿದ.

“ನೋಡಿ ಅಜ್ಜ, ಸರಿಯಾಗಿ ಕೂರುತ್ತೆ. ಒಂದು ಬರೀ ಸದ್ದು ಮಾಡಿ ಓಡಿಸ್ತೀನಿ, ಅಷ್ಟೇ.”

“ಕೂರುತ್ತೆ ಕಣೋ. ತೆಗಿ ಮೊದಲು,” ಎಂದರು ಅಜ್ಜ. ಅವರಿಗೆ ಬೇಡವೆಂದು ಗೊತ್ತಿತ್ತು, ಏಕೆ ಬೇಡವೆಂದು ವಿವರಿಸಿ ಹೇಳಲು ಬರುತ್ತಿರಲಿಲ್ಲ. ಅಪ್ಪಯ್ಯ ಬೇಡವೆಂದಿದ್ದರು, ಅಷ್ಟೇ. ಕಲಿತ ಹುಡುಗರಿಗೆ ಇಷ್ಟು ಕಾರಣ ಸಾಲದು. ಆದುದರಿಂದ ವಾರದ ಮೇಲೆ ಕೋವಿಯನ್ನು ಲೈಸೆನ್ಸಿನ ಸಮೇತ ಪೇಟೆಯ ಒಬ್ಬ ಅನುಭವಿ ಕೋವಿ ರಿಪೇರಿಯವರ ಬಳಿಗೆ ಒಯ್ದಾಗ ನಾವೂ ಜೊತೆಗೆ ಹೋದೆವು.

ಅವರು ಮೊದಲು ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದರು. ಅದರ ಮೈಮೇಲೆಲ್ಲ ನೀರಿನ ಅಲೆಯಂಥ, ಹಾವಿನ ಪೊರೆಯಂಥ ಗೆರೆಗಳು. ಹುಡುಗ ಅದನ್ನು ಚಿತ್ತಾರವೆಂದು ತಿಳಿದಿದ್ದ. ಅದು ನಳಿಗೆ ಕಟ್ಟಿದ ರೀತಿ. ಕಬ್ಬಿಣ ಮತ್ತು ಉಕ್ಕಿನ ಸಲಾಕೆಗಳನ್ನು ಕಾಯಿಸಿ ಹಗ್ಗ ಹೊಸೆದಂತೆ ಹೊಸೆದು, ಪಟ್ಟಿ ಮಾಡಿ, ಆ ಪಟ್ಟಿಯನ್ನು ಒಂದು ಕೋಲಿನ ಸುತ್ತ ಸುರುಳಿಯಾಗಿ ಸುತ್ತಿ, ಕೆಂಪಗೆ ಕಾಯಿಸಿ ಬಡಿದು ಬೆಸೆಯುತ್ತಿದ್ದರು. ಇದಕ್ಕೆ ಡಮಾಸ್ಕಸ್ ನಳಿಗೆ ಎಂದು ಹೆಸರು. ಬರ್ಮಿಂಗ್‌ಹ್ಯಾಂನಲ್ಲೂ ಬೆಲ್ಜಿಯಂನ ಲಿಯೇಜ್‌ನಲ್ಲೂ ಹೇರಳವಾಗಿ ತಯಾರಾಗುತ್ತಿತ್ತು. ಕಮ್ಮಾರನ ಕೈಚಳಕಕ್ಕೆ ತಲೆದೂಗಬೇಕು. ಆದರೆ ಇಡೀ ನಳಿಗೆಯೇ ಬೆಸುಗೆಯ ಸಾಲು. ನೂರೈವತ್ತು ಮಳೆಗಾಲಗಳ ತುಕ್ಕು ಯಾವ ಬೆಸುಗೆಯ ಸಂದಿಗೆ ಇಳಿದಿದೆ ಎಂದು ಹೊರಗಿನಿಂದ ಕಾಣದು.

ಆಮೇಲೆ ನಳಿಗೆಯನ್ನು ಬಿಚ್ಚಿ ತಳಭಾಗದ ಚಪ್ಪಟೆ ಜಾಗವನ್ನು ಎಣ್ಣೆ ಬಟ್ಟೆಯಿಂದ ಒರೆಸಿ ಮಸೂರ ಹಿಡಿದರು. ಅಲ್ಲಿ ಬರ್ಮಿಂಗ್‌ಹ್ಯಾಂ ಪರೀಕ್ಷಾಲಯದ ಕಿರೀಟದ ಮುದ್ರೆಗಳಿದ್ದವು. ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಮೊದಲು ಪ್ರತಿ ನಳಿಗೆಗೂ ಹೆಚ್ಚು ಮದ್ದು ತುಂಬಿ ಹೊಡೆದು ನೋಡಿ ಮುದ್ರೆ ಒತ್ತುವ ಕಾನೂನಿದೆ. ಬರ್ಮಿಂಗ್‌ಹ್ಯಾಂನ ಪರೀಕ್ಷಾಲಯ 1813ರಲ್ಲಿ ಆದುದು. ಎಡ ನಳಿಗೆಯ ಮೇಲೆ ‘ನಾಟ್ ಫಾರ್ ಬಾಲ್’ ಎಂಬ ಅಕ್ಷರಗಳು. ಎಂದರೆ ಬಾಯಿ ಕಿರಿದು ಮಾಡಿದ ನಳಿಗೆ, ಇಡಿ ಗುಂಡು ಹಾಕಬೇಡಿ, ಚರೆ ಮಾತ್ರ. ಈ ಒಕ್ಕಣೆಯನ್ನು ಒತ್ತುತ್ತಿದ್ದುದು 1875ರಿಂದ 1887ರವರೆಗೆ. ಮುದ್ರೆಯೊಂದರಿಂದಲೇ ಕೋವಿಯ ಜಾತಕ ಸಿಕ್ಕಿತು.

ಇರಬೇಕಾದ ಇನ್ನೊಂದು ಮುದ್ರೆ ಅಲ್ಲಿರಲಿಲ್ಲ. ಹೊಗೆಯಿಲ್ಲದ ಮದ್ದನ್ನು ಫ್ರಾನ್ಸಿನ ಪಾಲ್ ವಿಯೇಲ್ ಸಾಧಿಸಿದ್ದು 1884ರಲ್ಲಿ. ಅದು ಹರಡಿದ ಮೇಲೆ ಇಂಗ್ಲೆಂಡಿನಲ್ಲಿ 1896ರಿಂದ ಆ ಮದ್ದಿಗೆಂದೇ ಬೇರೆ ಪರೀಕ್ಷೆ ಬಂದಿತು. 1904ರ ನಿಯಮದಂತೆ ಬರ್ಮಿಂಗ್‌ಹ್ಯಾಂನಲ್ಲಿ ಕಿರೀಟದ ಕೆಳಗೆ ‘ಎನ್.ಪಿ.’ ಎಂದು ಒತ್ತಿದರು. ಎನ್ ಎಂದರೆ ನೈಟ್ರೊ. ನಮ್ಮ ಹಿರಿಯರ ಕೋವಿಯಲ್ಲಿ ಎನ್.ಪಿ. ಇಲ್ಲ. ಇಂದು ಅಂಗಡಿಯಲ್ಲಿ ಸಿಗುವ ತೋಟಾಗಳೆಲ್ಲ ನೈಟ್ರೊ ಮದ್ದಿನವೇ.

ರಿಪೇರಿಯವರು ಇನ್ನೂ ಒಂದು ತೋರಿಸಿದರು. ತೋಟಾ ಕೂರುವ ಗೂಡಿನ ಉದ್ದವನ್ನು ಅಳೆದರೆ ಎರಡೂವರೆ ಅಂಗುಲ, ಎಂದರೆ 65 ಮಿಲಿಮೀಟರ್. ಹುಡುಗನ ಕೈಯಲ್ಲಿದ್ದ ತೋಟಾ 70 ಮಿಲಿಮೀಟರಿನದು. ಹಾಗಾದರೆ ಒಳಗೆ ಹೇಗೆ ಕೂತಿತು? ಮೋಸವಿರುವುದೇ ಇಲ್ಲಿ. ಹೊಡೆಯುವ ಮೊದಲು ತೋಟಾದ ಬಾಯಿ ಮಡಿಚಿರುತ್ತದೆ, ಆಗ ಗಿಡ್ಡ. ಹೊಡೆದಾಗ ಮಡಿಕೆ ಬಿಚ್ಚಿಕೊಂಡು ಉದ್ದವಾಗಿ ನಳಿಗೆಯ ಕಿರಿದಾದ ಭಾಗಕ್ಕೆ ಚಾಚುತ್ತದೆ. ಚರೆ ಹೊರಡುವ ದಾರಿಯೇ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ಕೂತ ಮಾತ್ರಕ್ಕೆ ಸರಿಯಾದ ತೋಟಾ ಎಂದಲ್ಲ.

ಹಳೆಯ ಅಳತೆಪಾತ್ರೆಯೂ ಇಂಥದೇ ಬಲೆ. ಕರಿಮದ್ದನ್ನು ಡ್ರಾಮ್ ಲೆಕ್ಕದಲ್ಲಿ ಅಳೆಯುತ್ತಿದ್ದರು. ಹನ್ನೆರಡು ಬೋರಿಗೆ ಮೂರು ಡ್ರಾಮ್, ಎಂದರೆ ಸುಮಾರು 82 ಗ್ರೇನ್, ವಾಡಿಕೆಯ ಪ್ರಮಾಣ. ಅಷ್ಟೇ ಕೆಲಸ ಮಾಡಲು ನೈಟ್ರೊ ಮದ್ದು ತೂಕದಲ್ಲಿ ಅರ್ಧಕ್ಕಿಂತ ಕಡಿಮೆ, ಹಲವು ಬಗೆಗಳಲ್ಲಿ ಮೂರರಲ್ಲೊಂದು ಪಾಲಿಗೂ ಕಡಿಮೆ ಸಾಕು. ಅಮೆರಿಕದ ತೋಟಾ ಡಬ್ಬಿಗಳ ಮೇಲೆ ಇಷ್ಟು ಡ್ರಾಮಿಗೆ ಸಮಾನ ಎಂದು ಇಂದಿಗೂ ಅಚ್ಚು ಹಾಕುತ್ತಾರೆ. ಅದು ಬಲದ ಹೋಲಿಕೆ, ಅಳತೆಯಲ್ಲ. ಈ ವ್ಯತ್ಯಾಸ ತಿಳಿಯದೆ ಹೊಸ ತೋಟಾ ಒಡೆದು ಅದರ ಮದ್ದನ್ನು ಹಳೆಯ ಪಾತ್ರೆಯಲ್ಲಿ ಅಳೆದು ಕೇಪಿನ ಕೋವಿಗೆ ಸುರಿದವರುಂಟು.

ಹಿರಿಯರು ಆ ತನಕ ಸುಮ್ಮನಿದ್ದವರು ಆಗ ಬಾಯಿ ಬಿಟ್ಟರು. ಅವರ ಚಿಕ್ಕಪ್ಪನ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಭತ್ತದ ಗದ್ದೆಗೆ ಹಂದಿ ಬೀಳುತ್ತದೆಂದು ಮಾಳದಲ್ಲಿ ಕಾದಿದ್ದ ರಾತ್ರಿ ಕೋವಿ ಒಡೆಯಿತೆಂದಷ್ಟೇ ಮನೆಯವರಿಗೆ ಗೊತ್ತಿತ್ತು. ಹಿಂದಿನ ದಿನ ಕರಿಮದ್ದು ಮುಗಿದಿತ್ತು, ಚಿಕ್ಕಪ್ಪ ಯಾರಿಂದಲೋ ಎರಡು ತೋಟಾ ಕೇಳಿ ತಂದಿದ್ದರು ಎಂಬುದು ಅವರ ಹುಡುಗತನದ ನೆನಪು. ಎರಡನ್ನೂ ಕೂಡಿಸಿ ನೋಡಿದ್ದು ಅಂದೇ ಮೊದಲು. ಮೊಮ್ಮಗ ಕೈಯಲ್ಲಿದ್ದ ತೋಟಾವನ್ನು ಮೆಲ್ಲನೆ ಮೇಜಿನ ಮೇಲಿಟ್ಟ.

ಕರಿಮದ್ದಿನ ವಿಚಾರ ಇನ್ನೆರಡು ಮಾತು. ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರರ ಮಿಶ್ರಣ ನಮ್ಮ ನಾಡಿಗೆ ಹೊಸದಲ್ಲ. ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, ಪಾಳುಬಾವಿಯೊಂದರಿಂದ 2018ರ ಜುಲೈಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಮೇಲ್ಪಟ್ಟು ಯುದ್ಧದ ರಾಕೆಟ್ಟುಗಳನ್ನು ಪುರಾತತ್ವ ಇಲಾಖೆಯವರು ತೆಗೆದರು. ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿದ್ದುದೇ ಅಗೆಯಲು ಕಾರಣವಾಯಿತು. ಇನ್ನೂರು ವರ್ಷ ನೀರು, ಕೆಸರಿನಲ್ಲಿದ್ದರೂ ವಾಸನೆ ಬಿಡದ ವಸ್ತು ಅದು.

ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆ ಮತ್ತು ಕಿಟ್ಟವಾಗಿಯೇ ಉಳಿಯುತ್ತದೆ. ಆ ಕಿಟ್ಟ ಉಪ್ಪಿನ ಜಾತಿಯದು, ಗಾಳಿಯ ಥಂಡಿಯನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನಲ್ಲಿ ಒಂದೇ ರಾತ್ರಿಗೆ ನಳಿಗೆ ಕೆಂಪಾಗುತ್ತದೆ. ಇದಕ್ಕೆ ಸೀಮೆಎಣ್ಣೆ, ಯಂತ್ರದ ಎಣ್ಣೆ ಏನೂ ಮಾಡಲಾರವು, ಉಪ್ಪು ಕರಗುವುದು ನೀರಿಗೆ. ಆದುದರಿಂದಲೇ ಹಿಂದಿನವರು ಕೋವಿ ಹೊಡೆದ ರಾತ್ರಿಯೇ ಬಚ್ಚಲ ಹಂಡೆಯ ಕುದಿನೀರನ್ನು ನಳಿಗೆಗೆ ಹೊಯ್ಯುತ್ತಿದ್ದರು. ಬಿಸಿಗೆ ಲೋಹ ತಾನೇ ಒಣಗುತ್ತದೆ, ಆಮೇಲೆ ಎಣ್ಣೆಬಟ್ಟೆ. ನೀರು ತಾಗಿದರೆ ತುಕ್ಕು ಎಂದು ಹೆದರಿ ಎಣ್ಣೆ ಮಾತ್ರ ಸವರಿದವರ ಕೋವಿಗಳೇ ಹೆಚ್ಚಾಗಿ ಹಾಳಾದುವು ಎಂದು ರಿಪೇರಿಯವರು ಹೇಳಿದರು. ಚುನಾವಣೆಗೆ ಕೋವಿಯನ್ನು ಠಾಣೆಗೆ ಒಪ್ಪಿಸುವಾಗಲೂ ಒಳಗೆ ಹೊರಗೆ ಎಣ್ಣೆ ಹಚ್ಚಿ, ಕೊಟ್ಟ ರಸೀತಿಯಲ್ಲಿ ಕೋವಿಯ ನಂಬರನ್ನು ಸರಿನೋಡಿಕೊಳ್ಳುವುದು ಲೇಸು.

ಕಾನೂನಿನಲ್ಲಿ ನಮ್ಮಂಥವರಿಗೆ ಸಂಬಂಧಪಟ್ಟ ಒಂದು ಮಾತುಂಟು. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮಿನಲ್ಲಿ ಬೆಳೆ ರಕ್ಷಣೆಗಾಗಿ ಬಾಯಿಂದ ತುಂಬುವ ಕೋವಿಯ ಹೆಸರನ್ನೇ ಹೇಳಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಕೋವಿಗೂ ಪರವಾನಗಿ ಕೊಡಬಹುದು. ಹಾಗೆಂದು ಪ್ರಾಣಿ ಕೊಲ್ಲಲು ಅಪ್ಪಣೆಯಾಯಿತೆಂದು ಯಾರೂ ಭಾವಿಸಬಾರದು, 1972ರ ವನ್ಯಜೀವಿ ಕಾಯಿದೆ ಬೇರೆಯೇ ಇದೆ. ತೋಟಾ ತಯಾರಿಸಲು 5ನೆಯ ಕಲಮಿನಂತೆ ಪ್ರತ್ಯೇಕ ಲೈಸೆನ್ಸು ಬೇಕು. ಆದಕಾರಣ ಅಟ್ಟದ ಪೆಟ್ಟಿಗೆ ಈಗ ನೋಡುವ ವಸ್ತು, ಬಳಸುವ ವಸ್ತುವಲ್ಲ. ರಿಪೇರಿ ಮಾಡಿದರೂ ಹೊಡೆಯಲಾಗದ ಪುರಾತನ ಕೋವಿಗೆ 45ನೆಯ ಕಲಂ ವಿನಾಯಿತಿ ನೀಡುತ್ತದೆ. ಹೊಡೆಯಬಹುದಾದ್ದು ಎಷ್ಟೇ ಹಳೆಯದಾದರೂ ಲೈಸೆನ್ಸಿಗೆ ಒಳಪಟ್ಟದ್ದೇ.

ನೆರೆಯ ಕೊಡಗಿನ ಮಾತು ಬೇರೆ. ಅಲ್ಲಿ 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಮುಂದುವರಿದು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈಗ 2029ರವರೆಗೆ ಇದೆ. 2021ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಗಂಡು ಕೂಸು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಕೈಲ್‌ಪೊಳ್ದಿನಲ್ಲಿ ಕೋವಿಗೆ ಪೂಜೆ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು. ಅಲ್ಲಿನ ನಮ್ಮ ಸದಸ್ಯರಲ್ಲಿ ಹಲವರ ಮನೆಗಳಲ್ಲಿ ಅಜ್ಜನ ಕಾಲದ ಕೋವಿಗಳಿವೆ. ಹಬ್ಬದ ಈಡೆಂದು ಹೊಸ ತೋಟಾ ತುಂಬುವ ಮೊದಲು ನಳಿಗೆಯ ಅಡಿ ತಿರುಗಿಸಿ ಆ ಎರಡು ಅಕ್ಷರ ಇವೆಯೇ ಎಂದು ಅವರೂ ನೋಡಲಿ.

ಹಳೆಯದನ್ನು ಕೂಡಿಡುವ ಹವ್ಯಾಸ ಈಚೆಗೆ ಬೆಳೆಯುತ್ತಿದೆ. ಒಂದು ವಿನಂತಿ ಮಾತ್ರ. ಹಿತ್ತಾಳೆ ಕವಚವನ್ನು ಹುಣಿಸೆಹಣ್ಣು ಹಾಕಿ ಬೆಳಗಬೇಡಿ, ನಳಿಗೆಯ ತುಕ್ಕಿಗೆ ಉಪ್ಪುಕಾಗದ ಉಜ್ಜಬೇಡಿ. ಅಕ್ಷರಗಳು ಅಳಿಸಿದರೆ ಕೋವಿಯ ಜಾತಕವೇ ಹೋಯಿತು. ನಾವು ಹೋದ ಮನೆಯಲ್ಲಿ ಅಜ್ಜಿ ಆಗಲೇ ನಾಲ್ಕು ಕವಚಗಳನ್ನು ಥಳಥಳ ಹೊಳೆಯಿಸಿಬಿಟ್ಟಿದ್ದರು.

ಹನ್ನೊಂದು ಹಳೆಯ ತೋಟಾಗಳನ್ನು ಠಾಣೆಯವರು ಪಟ್ಟಿ ಬರೆದು ಒಯ್ದರು. ಜೋಡು ನಳಿಗೆ ಮತ್ತೆ ಒಳಗಿನ ಕೋಣೆ ಸೇರಿದೆ. ಪ್ಲಾಸ್ಟಿಕ್ ತೋಟಾಗಳನ್ನು ಹುಡುಗ ಲೈಸೆನ್ಸುದಾರ ಅಂಗಡಿಗೆ ಹಿಂತಿರುಗಿಸಿದ. ಮೊನ್ನೆ ಸಂಜೆ ಅಜ್ಜನ ಕಣ್ಣೆದುರಿಗೇ ಕೇಪಿನ ಕೋವಿಗೆ ಚರೆಯಿಲ್ಲದೆ ಬರೀ ಕರಿಮದ್ದು ತುಂಬಿ ತೋಟದ ಅಂಚಿನಲ್ಲಿ ಒಂದು ಸದ್ದು ಮಾಡಿದನಂತೆ. ಹೊಗೆ ಅಡಿಕೆ ಮರಗಳ ನಡುವೆ ಬಹಳ ಹೊತ್ತು ನಿಂತಿತ್ತು. ಮಂಗಗಳು ಮಾರನೆಯ ಬೆಳಿಗ್ಗೆ ಹತ್ತಕ್ಕೆ ವಾಪಸು ಬಂದವು.